ಬದನೆ ಬೇರಿನ ಕಸಿ ನಾರು, ಅರ್ಕಾ ರಕ್ಷಕ್, ಮಾಮೂಲಿ ಹೈಬ್ರಿಡ್: ಸೊರಗು ರೋಗದ ಹೊಲದಲ್ಲಿ ಮೂರನ್ನೂ ನೆಟ್ಟು ನೋಡಿದೆ

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಆಗ ನನ್ನ 20 ಗುಂಟೆಯಲ್ಲಿ ಇದ್ದದ್ದು ನೀಲಗಿರಿ ಕಡ್ಡಿ, ಕಡ್ಡಿಗೆ ಕಟ್ಟಿದ ದಾರ, ದಾರಕ್ಕೆ ಜೋತುಬಿದ್ದ ಒಣ ಗಿಡ. ಅದರ ಮುಂದಿನ ಬೇಸಿಗೆಯಲ್ಲಿ ಅದೇ ಹೊಲದಲ್ಲಿ ಮೂರು ತರದ ಟೊಮೆಟೊ ನಾರು, ಅಂದರೆ ಸಸಿ, ಪಕ್ಕಪಕ್ಕ ನೆಟ್ಟು ನೋಡಿದೆ. ಬದನೆ ಬೇರಿಗೆ ಕಸಿ ಕಟ್ಟಿದ ನಾರೇ ಗೆದ್ದಿತು. ಆದರೆ ಅದು ನನಗೆ ಕೊಟ್ಟ ಕಾಟವನ್ನೂ ಹೇಳಬೇಕು.

ಮೊದಲು ರೋಗದ ವಿಷಯ. ಕಾಯಿ ಕಟ್ಟುವ ಹೊತ್ತು. ಬಿಸಿಲು ಜೋರಾಗಿತ್ತು, ನಡುವೆ ಒಂದು ಒಳ್ಳೆ ಮಳೆ ಬಂತು. ಮಾರನೇ ವಾರ ಮಧ್ಯಾಹ್ನದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ತಲೆ ಬಾಗಿಸಿ ನಿಂತಿತ್ತು. ಸಂಜೆಗೆ ಎದ್ದಿತು. ಮೂರನೇ ದಿನ ಏಳಲಿಲ್ಲ. ಎಲೆ ಹಳದಿ ಆಗಿಲ್ಲ, ಚುಕ್ಕೆ ಇಲ್ಲ, ಹಸಿರು ಹಸಿರಾಗೇ ಬಾಡಿಹೋಯಿತು. ನೀರು ಸಾಲುತ್ತಿಲ್ಲ ಅಂದುಕೊಂಡು ಡ್ರಿಪ್ ಒಂದು ಗಂಟೆ ಜಾಸ್ತಿ ಬಿಟ್ಟೆ. ರೋಗಕ್ಕೆ ಬೇಕಾಗಿದ್ದೂ ಅದೇ: ಬಿಸಿ ಮಣ್ಣು, ತುಂಬ ತೇವ.

ಔಷಧಿ ಅಂಗಡಿಯಲ್ಲಿ ಗಿಡದ ಫೋಟೊ ತೋರಿಸಿದೆ. ಒಂದು ಪುಡಿ, ಎರಡು ಬಾಟಲಿ ಕೊಟ್ಟರು. 4,800 ರೂಪಾಯಿ. ಬುಡಕ್ಕೆ ಸುರಿದೆ, ಗಿಡ ಸಾಯುತ್ತಲೇ ಹೋಯಿತು. ಆಮೇಲೆ ಕೃಷಿ ಓದುತ್ತಿರುವ ನಮ್ಮ ಅಕ್ಕನ ಮಗ ಬಂದ. ಬಾಡಿದ ಗಿಡದ ಬುಡ ಓರೆಯಾಗಿ ಕೊಯ್ದು, ಗಾಜಿನ ಲೋಟದ ನೀರಿಗೆ ತುದಿ ಮುಟ್ಟಿಸಿ ಹಿಡಿದ. ಎರಡು ಮೂರು ನಿಮಿಷದಲ್ಲಿ ಕೊಯ್ದ ಜಾಗದಿಂದ ಹಾಲಿನ ಎಳೆಯಂತೆ ಬೆಳ್ಳಗೆ ಏನೋ ಇಳಿಯತೊಡಗಿತು. "ಮಾಮಾ, ಇದು ದುಂಡಾಣು ಸೊರಗು. ಇದಕ್ಕೆ ಔಷಧಿ ಇಲ್ಲ, ದುಡ್ಡು ಸುಮ್ನೆ ಸುರೀಬೇಡ" ಅಂದ.

ಈ ದುಂಡಾಣುವಿನ ಹೆಸರು ರಾಲ್‌ಸ್ಟೋನಿಯಾ. ಮಣ್ಣಲ್ಲೇ ವರ್ಷಗಟ್ಟಲೆ ಇರುತ್ತದೆ. ಬೇರಿನ ಗಾಯದಿಂದ ಒಳಗೆ ಹೋಗಿ ನೀರು ಏರುವ ನಾಳದಲ್ಲಿ ತುಂಬಿಕೊಳ್ಳುತ್ತದೆ. ಮಣ್ಣಲ್ಲಿ ನೀರಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಹರಿಯುವ ನೀರಿನಲ್ಲಿ, ಗುದ್ದಲಿಗೆ ಮೆತ್ತಿದ ಮಣ್ಣಿನಲ್ಲಿ ಪಕ್ಕದ ಸಾಲಿಗೂ ಹೋಗುತ್ತದೆ. ಅದಕ್ಕೂ ಹಿಂದೆ ನಾನು ಆ ಹೊಲದಲ್ಲಿ ಆಲೂಗಡ್ಡೆ, ದಪ್ಪ ಮೆಣಸಿನಕಾಯಿ, ಟೊಮೆಟೊ ಅಂತ ಒಂದರ ಹಿಂದೆ ಒಂದು ಇಟ್ಟಿದ್ದೆ. ಮೂರೂ ಒಂದೇ ಕುಟುಂಬದ ಗಿಡ. ರೋಗವನ್ನು ನಾನೇ ಸಾಕಿದ ಹಾಗಾಯಿತು ಅಲ್ವಾ?

ಆ ವರ್ಷದ ಮಳೆಗಾಲಕ್ಕೆ ರಾಗಿ ಹಾಕಿದೆ. ಒಂದು ರಾಗಿ ಬೆಳೆಗೆಲ್ಲ ಇದು ಹೋಗುವುದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಬೇಸಿಗೆಗೆ ನೆಟ್ಟೆ. ಎರಡು ಸಾಲು ಹಳೇ ಕಂಪನಿ ಹೈಬ್ರಿಡ್, 120 ಗಿಡ. ಹತ್ತು ಸಾಲು ಅರ್ಕಾ ರಕ್ಷಕ್, 600 ಗಿಡ. ಆರು ಸಾಲು ಕಸಿ ನಾರು, 360 ಗಿಡ. ಕಸಿಯ ಮೇಲ್ಭಾಗ ಅದೇ ಹಳೇ ಹೈಬ್ರಿಡ್, ಕೆಳಗೆ ಸೊರಗು ತಡೆಯುವ ಬದನೆ ಬೇರು. ಮಿಕ್ಕ ಜಾಗದಲ್ಲಿ ಮುಸುಕಿನ ಜೋಳ.

ಹಳೇ ಹೈಬ್ರಿಡ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. 120ರಲ್ಲಿ 71 ಹೋಯಿತು. ರೋಗ ಇಲ್ಲದ ಹೊಲದಲ್ಲಿ ಅದು ಒಳ್ಳೆಯ ತಳಿಯೇ.

ಅರ್ಕಾ ರಕ್ಷಕ್ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದ್ದು. ಎಲೆ ಮುದುರು ನಂಜು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ, ಮೂರನ್ನೂ ತಡೆಯುವ ಹೈಬ್ರಿಡ್. ಹಣ್ಣು ಚೌಕದುಂಡು, ಗಟ್ಟಿ, 90ರಿಂದ 100 ಗ್ರಾಂ ತೂಗುತ್ತದೆ, ಲಾರಿಯಲ್ಲಿ ಕುಳಿತು ದೂರ ಹೋಗಬಲ್ಲದು. ಬೀಜ ತರಿಸಿ ಟ್ರೇಯಲ್ಲಿ ನಾನೇ ನಾರು ಬೆಳೆಸಿದ್ದರಿಂದ ಒಂದೊಂದಕ್ಕೆ ಒಂದು ರೂಪಾಯಿ ಹತ್ತಿರ ಬಿತ್ತು. 600ರಲ್ಲಿ 84 ಸತ್ತವು. ಸತ್ತದ್ದನ್ನು ಕಿತ್ತು ನೋಡಿದರೆ ಬಹಳಷ್ಟು ಬೇರಿನಲ್ಲಿ ಗಂಟು. ಜಂತುಹುಳು ಬೇರು ಕೊರೆದ ಕಡೆ ದುಂಡಾಣುವಿಗೆ ಬಾಗಿಲು ತೆರೆದ ಹಾಗೆ. ರೋಗ ತಡೆಯುವ ತಳಿ ಅಂದರೆ ರೋಗವೇ ಬರುವುದಿಲ್ಲ ಅಂತಲ್ಲ. ಆದರೂ ಒಂದು ರೂಪಾಯಿ ನಾರಿಗೆ ಇದು ಒಳ್ಳೆಯ ಲೆಕ್ಕವೇ. ಹಣ್ಣಿನಿಂದ ಬೀಜ ತೆಗೆದಿಟ್ಟುಕೊಳ್ಳಲು ಮಾತ್ರ ಹೋಗಬೇಡಿ, ಹೈಬ್ರಿಡ್ ಅದು.

ಕಸಿ ನಾರು ಒಂದಕ್ಕೆ 9 ರೂಪಾಯಿ. 360ಕ್ಕೆ 3,240. ಮನೆಯಲ್ಲಿ ಬೈಸಿಕೊಂಡೇ ತಂದೆ. ಸತ್ತದ್ದು 14. ಆ ಹದಿನಾಲ್ಕರಲ್ಲಿ 11 ನಮ್ಮ ತಪ್ಪಿನಿಂದ.

ಆಗಿದ್ದು ಇಷ್ಟು. ಟೊಮೆಟೊ ನಾರನ್ನು ಆಳಕ್ಕೆ ನೆಡುವುದು ನಮ್ಮ ಕಡೆ ಮೊದಲಿನಿಂದ ಬಂದ ರೂಢಿ. ಮಣ್ಣಿಗೆ ಸೇರಿದ ಕಾಂಡವೂ ಬೇರು ಬಿಡುತ್ತದೆ, ಗಿಡ ಗಟ್ಟಿಯಾಗುತ್ತದೆ. ಕಸಿ ನಾರಿನಲ್ಲಿ ಇದೇ ಯಮ. ಕಸಿಯ ಗಂಟು, ಅಂದರೆ ಬದನೆ ಕಾಂಡಕ್ಕೆ ಟೊಮೆಟೊ ಕುಡಿ ಸೇರಿಸಿ ಕ್ಲಿಪ್ ಹಾಕಿದ ಜಾಗ, ಮಣ್ಣಿನಿಂದ ಮೇಲೇ ಇರಬೇಕು. ಅದು ಹೂತುಹೋದರೆ ಮೇಲಿನ ಟೊಮೆಟೊ ತನ್ನದೇ ಬೇರು ಬಿಡುತ್ತದೆ. ರೋಗ ಆ ಬೇರಿನಿಂದ ಒಳಗೆ ಹೋಗುತ್ತದೆ. 9 ರೂಪಾಯಿ ಕೊಟ್ಟು ಮತ್ತೆ ಮಾಮೂಲಿ ಗಿಡ ನೆಟ್ಟ ಹಾಗೆ.

ನೆಡುವ ದಿನ ಬೆಳಿಗ್ಗೆ ಇದನ್ನೆಲ್ಲ ಹೇಳಿ ತೋರಿಸಿದ್ದೆ. ಕೂಲಿ ಗುಂಪಿನ ಹಿರಿಯಕ್ಕ ನಕ್ಕರು. "ಅಣ್ಣಾ, ನಾರು ಇಷ್ಟು ಮೇಲೆ ನೆಟ್ಟರೆ ಗಾಳಿಗೆ ಬೀಳಲ್ವಾ? ನಾವೇನು ಇವತ್ತು ಹೊಸದಾಗಿ ನೆಡ್ತಿದೀವಾ?" ಮೊದಲ ಎರಡು ಸಾಲು ಸರಿ ಹೋಯಿತು. ನಾನು ಮೋಟರ್ ಹಾಕಲು ಹೋಗಿ ಬರುವಷ್ಟರಲ್ಲಿ ಕೈ ಹಳೇ ರೂಢಿಗೆ ಮರಳಿತ್ತು. ನಾಲ್ಕನೇ ಸಾಲಿನಲ್ಲಿ ಒಂದು ಕ್ಲಿಪ್ ಕೂಡ ಕಾಣಲಿಲ್ಲ. ಅವರ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಗಿಡದ ಮಣ್ಣು ಸರಿಸುತ್ತಾ ಹೋದೆ. ಬಗ್ಗಿ ಬಗ್ಗಿ ಸೊಂಟ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. 25 ದಿನಕ್ಕೆ ಗೊಬ್ಬರ ಕೊಟ್ಟು ಮಣ್ಣು ಏರಿಸುತ್ತೇವಲ್ಲ, ಮತ್ತೆ ಅದೇ ಕಥೆ. ಆ ದಿನ ಮದುವೆಗೆ ಹೋಗಿದ್ದೆ. ವಾರದ ಮೇಲೆ ಅನುಮಾನ ಬಂದು ಒಂದು ಗಿಡದ ಬುಡ ಬೆರಳಲ್ಲಿ ಕೆದಕಿದೆ. ಕ್ಲಿಪ್ಪಿನ ಮೇಲ್ಗಡೆ ಕಾಂಡದ ಸುತ್ತ ಬೆಳ್ಳಗೆ, ಶಾವಿಗೆ ಎಳೆಯಂಥ ಬೇರು. ಬ್ಲೇಡ್ ತಂದು ಅಂಥದ್ದನ್ನೆಲ್ಲ ಸವರಿ, ಮಣ್ಣು ಇಳಿಸಿದೆ. ಎರಡು ಬೆಳಗು ಅದೇ ಕೆಲಸ. ಕಣ್ತಪ್ಪಿ ಉಳಿದದ್ದೇ ಆ ಹನ್ನೊಂದು ಗಿಡ.

ಇನ್ನೊಂದು ಚಿಕ್ಕ ಕಾಟ: ಗಂಟಿನ ಕೆಳಗಿಂದ ಬದನೆ ಚಿಗುರು ಬರುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಚಿವುಟಬೇಕು. ಬೇಲಿ ಪಕ್ಕದ ಒಂದು ಗಿಡ ಬಿಟ್ಟುಹೋಗಿ, ಟೊಮೆಟೊ ಸೊರಗಿ, ಬದನೆಯೇ ನೇರಳೆ ಹೂ ಬಿಟ್ಟು ನಿಂತಿತ್ತು.

ಇಷ್ಟೆಲ್ಲ ಆದರೂ ಕಸಿಯೇ ಯಾಕೆ ಇಷ್ಟ? ನನ್ನ ಹೊಲದ ಕೆಳಗಡೆ ಜಾಗದಲ್ಲಿ ನೀರು ನಿಲ್ಲುತ್ತದೆ. ಮೇ ತಿಂಗಳ ಮಳೆಗೆ ಒಂದೂವರೆ ದಿನ ನಿಂತಿತ್ತು. ಪಕ್ಕದ ರಕ್ಷಕ್ ಸಾಲುಗಳು ಆಮೇಲೆ ಮಂಕಾದವು, ಬದನೆ ಬೇರಿನವು ಏನೂ ಆಗಿಲ್ಲ ಅನ್ನುವ ಹಾಗೆ ನಿಂತವು. ಟೊಮೆಟೊ ಬೇರಿಗಿಂತ ಬದನೆ ಬೇರು ನಿಂತ ನೀರನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ತೈವಾನಿನ ವಿಶ್ವ ತರಕಾರಿ ಕೇಂದ್ರ ಮಳೆಗಾಲದ ಟೊಮೆಟೊಗೆ ಬದನೆ ಬೇರಿನ ಕಸಿ ಮಾಡಿ ಎಂದು ಹೇಳುತ್ತಾ ಬಂದಿರುವುದು ಸೊರಗು, ನಿಂತ ನೀರು, ಈ ಎರಡೂ ಕಾರಣಕ್ಕೆ. ಮೊದಲ ಕೊಯ್ಲು ಒಂದು ವಾರ ತಡವಾಯಿತು, ಆದರೆ ರಕ್ಷಕ್ ಕೊಯ್ಲು ಮುಗಿದ ಮೇಲೂ ಇದರಲ್ಲಿ ಮೂರು ಕೊಯ್ಲು ಸಿಕ್ಕಿತು.

ಎಲೆ ಮುದುರಿನಲ್ಲಿ ಮಾತ್ರ ರಕ್ಷಕ್ ಮುಂದೆ. ಕಸಿಯ ಬೇರು ಬದನೆಯದ್ದಾದರೂ ಎಲೆ ಹಳೇ ಹೈಬ್ರಿಡ್ಡಿನದೇ ತಾನೇ? ಆ ನಂಜು ಹರಡುವ ಬಿಳಿನೊಣ ಬಂದಾಗ ಅದೂ ಮುದುರಿತು. ರಕ್ಷಕ್ ಕುಡಿಯನ್ನೇ ಬದನೆ ಬೇರಿಗೆ ಕಟ್ಟಿಕೊಡುತ್ತೀರಾ ಅಂತ ನರ್ಸರಿಯವರನ್ನು ಕೇಳಿದ್ದೇನೆ. ಬೀಜ ನೀವೇ ತಂದುಕೊಟ್ಟರೆ ನೋಡೋಣ ಅಂದಿದ್ದಾರೆ.

ಇಡೀ 20 ಗುಂಟೆಗೆ ಕಸಿ ನಾರು ಅಂದರೆ 3,600 ಗಿಡ, 32,400 ರೂಪಾಯಿ. ಬಾಕ್ಸಿಗೆ 150 ಸಿಗುವ ವರ್ಷ ಅದು ನನ್ನ ಕೈಲಾಗದ ಮಾತು. ಅದಕ್ಕೆ ನೀರು ನಿಲ್ಲುವ ಕೆಳಗಡೆ 20 ಸಾಲಿಗೆ ಮಾತ್ರ ಕಸಿ, ಮೇಲ್ಗಡೆ ರಕ್ಷಕ್. ನಾನು ದಿನಾ ಹೊಲಕ್ಕೆ ಹೋಗುವವನು, ಚಿಗುರು ಚಿವುಟುವುದು ನನಗೆ ಕಷ್ಟ ಅಲ್ಲ. ನೆಡುವುದು, ಮಣ್ಣು ಏರಿಸುವುದು ಎಲ್ಲ ಗುತ್ತಿಗೆಗೆ ಕೊಟ್ಟು ಪೇಟೆಯಲ್ಲಿ ಇರುವವರು ಕಸಿಗೆ ದುಡ್ಡು ಹಾಕಬೇಡಿ, ರಕ್ಷಕ್ ಸಾಕು. ಕಸಿ ನಾರು ಕೇಳಿದ ದಿನವೇ ಸಿಗುವುದಿಲ್ಲ, 45 ದಿನ ಮುಂಚೆ ಹೇಳಬೇಕು. ಹೋದ ವಾರ 1,200ಕ್ಕೆ ಮುಂಗಡ ಕೊಟ್ಟು ಬಂದೆ. ಮಣ್ಣು ಏರಿಸುವ ಗೋಜೇ ಬೇಡ ಅಂತ ಸಾಲಿನ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಪೇಪರ್ ಕೂಡ ತಂದಿಟ್ಟಿದ್ದೇನೆ. ಹಿರಿಯಕ್ಕನಿಗೆ ಆ ದಿನ ಮೋಟರ್ ಹಾಕುವ ಕೆಲಸ, ಕಸಿ ನಾರು ನೆಡುವುದು ನಾನು.