ಪಂಪನ ಸಾಲಿನ ಮಗ್: ಸಾಲು ಸೂಪರ್, ಪ್ರಿಂಟ್ ಸುಮಾರು

ನಮ್ದು ಶಿರಸಿ, ಬನವಾಸಿ ಅಲ್ಲಿಂದ 20 ಚಿಲ್ಲರೆ ಕಿಲೋಮೀಟರ್ ಅಷ್ಟೇ, ಹಂಗಾಗಿ 'ಆರಂಕುಶವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ' ಅಂತ ಬರ್ದಿರೋ ಮಗ್ ಕಂಡ ತಕ್ಷಣ ಎರಡು ಆರ್ಡರ್ ಮಾಡ್ದೆ, ಒಂದು ನಂಗೆ ಒಂದು ಪುಣೆಲಿರೋ ಫ್ರೆಂಡ್‌ಗೆ. ಬಂದಾಗ ನೋಡಿದ್ರೆ ಒಂದರಲ್ಲಿ ಒತ್ತಕ್ಷರ ಒಡ್ದು 'ಟ್‌ಟೊ' ಆಗಿದೆ, ಫಾಂಟ್ ಪ್ರಾಬ್ಲಮ್ಮು (10ನೇ ಶತಮಾನದ ತಾಳೆಗರಿಲೇ ನೆಟ್ಟಗೆ ಬರ್ದಿರ್ತಿದ್ರು ಕಣ್ರೀ). ಫೋಟೋ ಕಳ್ಸಿದ್ಮೇಲೆ ಬೇರೆ ಕೊಟ್ರು, ದುಡ್ಡು ಕೇಳ್ಲಿಲ್ಲ. ಕೆಳಗೆ ಕಾವ್ಯದ ಹೆಸ್ರು 'ವಿಕ್ರಮಾರ್ಜುನ ವಿಜಯ' ಅಂತ ಸಣ್ಣಕ್ಕೆ ಹಾಕಿರೋದು ಇಷ್ಟ ಆಯ್ತು, ಆದ್ರೆ ಸಾಲಿನ ಅರ್ಥ ಹಾಕಿಲ್ಲ. ಅಂಕುಶ ಅಂದ್ರೆ ಆನೆಗೆ ಚುಚ್ಚೋದಾ ಅಂತ ಫ್ರೆಂಡ್ ಕೇಳ್ದ, ಹೂಂ ಮಾರಾಯ, ಯಾರು ಚುಚ್ಚಿ ತಡೆದ್ರೂ ಮನಸ್ಸು ಅಲ್ಲಿಗೇ ಓಡತ್ತೆ ಅಂದೆ, ಸುಮ್ನಾಗ್ಬಿಟ್ಟ. ತಪ್ಪು ಮಗ್ಗಲ್ಲಿ ಈಗ ಪೆನ್ನು ಇಟ್ಟಿದೀನಿ. 4 ಸ್ಟಾರ್.