ಕೊಂಡಿಗಳಿಗೊಂದು ಕಪಾಟು: ರೈನ್‌ಡ್ರಾಪ್ ಬಳಸಿ ನೋಡಿದ ಮೇಲೆ

ಕಟಪಾಡಿಯ ನೆಂಟರೊಬ್ಬರು ಹಳೆಯ ಮನೆಯ ಮಾಡು ಬಿಚ್ಚಿಸುತ್ತಿದ್ದಾಗ ಸಿಕ್ಕಿದ ಹೆಂಚೊಂದರ ಚಿತ್ರವನ್ನು ನನಗೆ ಕಳುಹಿಸಿ, ಅದರ ಮೇಲೆ ಸ್ವಿಸ್ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಸರಿನೊಂದಿಗೆ 1865 ಎಂದು ಅಚ್ಚೊತ್ತಿದೆ, ಹಾಗಾದರೆ ಹೆಂಚಿಗೆ ಅಷ್ಟು ವಯಸ್ಸಾಯಿತೇ ಎಂದು ಕೇಳಿದರು. ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷ ಎಂದು ಓದಿದ್ದು ನೆನಪಿತ್ತು. ಓದಿದ ಪುಟದ ಕೊಂಡಿಯನ್ನು ನನಗೆ ನಾನೇ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿಕೊಂಡದ್ದೂ ನೆನಪಿತ್ತು. ಮುಕ್ಕಾಲು ಗಂಟೆ ಹುಡುಕಿದರೂ ಸಿಗದೆ ಇದ್ದದ್ದು ಆ ಕೊಂಡಿ ಮಾತ್ರ. ಅಂತರ್ಜಾಲದ ಕೊಂಡಿಗಳನ್ನು ಒಂದೆಡೆ ಕೂಡಿಡುವ ರೈನ್‌ಡ್ರಾಪ್ ಎಂಬ ಸೇವೆಗೆ ನಾನು ಸೇರಿದ್ದು ಆ ಸಂಜೆ.

ಕೂಡಿಡುವ ಚಟ ನನಗೆ ಹೊಸದಲ್ಲ. ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿ ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳ ಎರಡು ಪೆಟ್ಟಿಗೆಗಳಿದ್ದವು. ಒಂದನ್ನು ಆಟಿ ತಿಂಗಳ ಥಂಡಿ ಹಾಳು ಮಾಡಿತು, ಇನ್ನೊಂದನ್ನು ಒರಲೆ ಮುಗಿಸಿತು. ಅಂತರ್ಜಾಲದ ಕೊಂಡಿಗೆ ಅಂಥ ಭಯವಿಲ್ಲವೆಂದು ನಂಬಿ, ಯಕ್ಷಗಾನದಿಂದ ಹಿಡಿದು ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳವರೆಗೆ, ಮಟ್ಟುಗುಳ್ಳದಿಂದ ತುಳು ಲಿಪಿಯವರೆಗೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಎಲ್ಲೆಲ್ಲಿಯೋ ಉಳಿಸುತ್ತ ಬಂದೆ.

ರುಸ್ತೆಮ್ ಮುಸ್ಸಬೆಕೊವ್ ಎಂಬವರು ಕಟ್ಟಿ ಬೆಳೆಸಿದ ರೈನ್‌ಡ್ರಾಪ್‌ನ ಕೆಲಸ ಸರಳವಾದದ್ದು. ಬ್ರೌಸರಿಗೆ ಸೇರಿಸಿದ ಗುಂಡಿಯನ್ನು ಒತ್ತಿದರೆ, ಅಥವಾ ಮೊಬೈಲಿನಲ್ಲಿ ಶೇರ್ ಪಟ್ಟಿಯಿಂದ ಅದನ್ನು ಆರಿಸಿದರೆ, ಪುಟದ ಶೀರ್ಷಿಕೆ, ಚಿತ್ರ ಮತ್ತು ಕಿರು ವಿವರಣೆ ತಾವಾಗಿಯೇ ಬಂದು ಕೂರುತ್ತವೆ; ನಾವು ಅದನ್ನು ಒಂದು ಕಲೆಕ್ಷನ್‌ಗೆ, ಎಂದರೆ ಒಂದು ವಿಷಯದ ಕಡತಕ್ಕೆ, ಸೇರಿಸಿ, ಗುರುತಿನ ಪದವಾಗಿ ಟ್ಯಾಗ್ ಹಚ್ಚಿ, ಬೇಕಿದ್ದರೆ ಟಿಪ್ಪಣಿ ಬರೆಯಬಹುದು. ಎಲ್ಲಿಗೂ ಸೇರಿಸದ ಕೊಂಡಿಗಳು ‘ಅನ್‌ಸಾರ್ಟೆಡ್’ ಎಂಬ ಮೂಲೆಯಲ್ಲಿ ಬಿದ್ದಿರುತ್ತವೆ. ಹಣ ಕೊಡದೆಯೂ ಎಷ್ಟು ಕೊಂಡಿಗಳನ್ನಾದರೂ ಉಳಿಸಬಹುದೆಂಬುದು ಇದರ ದೊಡ್ಡ ಆಕರ್ಷಣೆ.

ಕನ್ನಡದಲ್ಲಿ ಓದುವವರಿಗೆ ಇಂಥ ಸಾಧನ ಎಷ್ಟು ಒಗ್ಗುತ್ತದೆ ಎಂಬುದೇ ನನ್ನ ಮುಖ್ಯ ಕುತೂಹಲವಾಗಿತ್ತು. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ನಕಲಿಸಿ ಅಂಟಿಸಿದವರಿಗೆಲ್ಲ ಅದರ ಅವತಾರ ಗೊತ್ತಿರುತ್ತದೆ. ಕಂಪ್ಯೂಟರು ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ (ಮೂಲಾಕ್ಷರ, ಸ್ವರಚಿಹ್ನೆ, ಸೊನ್ನೆ ಒಂದೊಂದೂ ಒಂದು ಸಂಕೇತ) ಮೂರು ಬೈಟ್ ಬೇಕು, ಕೊಂಡಿಯೊಳಗೆ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ಹೀಗೆ ‘ಮಂಗಳೂರು’ ಎಂಬ ಏಳು ಸಂಕೇತಗಳ ಪದ 63 ಅಕ್ಷರಗಳ ಗೊಂಡಾರಣ್ಯವಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ನಾನು ಕೂಡಿಟ್ಟದ್ದರಲ್ಲಿ ಅರ್ಧ ಈ ರೂಪದಲ್ಲಿದ್ದುದರಿಂದಲೇ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ರೈನ್‌ಡ್ರಾಪ್ ಕೊಂಡಿಯನ್ನು ಹಿಂದಿಟ್ಟು ಶೀರ್ಷಿಕೆಯನ್ನು ಮುಂದಿಡುತ್ತದೆ, ಹಾಗಾಗಿ ಪಟ್ಟಿ ಓದಲು ಬರುತ್ತದೆ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಜಗತ್ತಿಗೆಲ್ಲ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ ತಯಾರಾದ ಕನ್ನಡ ಪುಟಗಳದ್ದು ಬೇರೆಯೇ ಪಾಡು. ನಿರ್ದಿಷ್ಟ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುವ ಆ ಪುಟಗಳ ಒಳಗಿರುವುದು ರೋಮನ್ ಅಕ್ಷರಗಳ ಕಲಸುಮೇಲೋಗರ, ಉಳಿಸುವಾಗ ಬರುವುದೂ ಅದೇ. ಅದಕ್ಕೆ ಯಾವ ಸಾಧನವನ್ನೂ ದೂರುವಂತಿಲ್ಲ. ಶೀರ್ಷಿಕೆಯನ್ನು ಅಳಿಸಿ ಕೈಯಾರೆ ಟೈಪಿಸಬೇಕು.

ಹುಡುಕಾಟದ ತೊಡಕು ಇನ್ನೂ ಸೂಕ್ಷ್ಮವಾದದ್ದು. ನಮ್ಮ ಭಾಷೆಯಲ್ಲಿ ಪದ ವಿಭಕ್ತಿ ತೊಟ್ಟ ಕೂಡಲೇ ಅದರ ಬಾಲ ಬದಲಾಗುತ್ತದೆ: ಶೀರ್ಷಿಕೆಯಲ್ಲಿ ‘ಹೆಂಚಿನ’ ಎಂದಿದ್ದು ನಾವು ‘ಹೆಂಚು’ ಎಂದು ಹುಡುಕಿದರೆ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವ ಯಂತ್ರಕ್ಕೆ ಎರಡೂ ಒಂದೇ ಎಂದು ತಿಳಿಯುವುದಿಲ್ಲ. ಕರಾವಳಿಯವರಿಗೆ ಇದರ ಮೇಲೊಂದು ಹೊರೆಯಿದೆ, ಏಕೆಂದರೆ ಒಂದೇ ಊರು ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ. ಆದ್ದರಿಂದ ಟ್ಯಾಗ್‌ಗಳನ್ನು ವಿಭಕ್ತಿಯಿಲ್ಲದ ಮೂಲರೂಪದಲ್ಲೇ ಬರೆಯುತ್ತೇನೆ, ಪ್ರತಿ ಕೊಂಡಿಗೂ ‘ಇದನ್ನು ಏಕೆ ಉಳಿಸಿದೆ’ ಎಂಬುದನ್ನು ಒಂದು ಸಾಲಿನಲ್ಲಿ ಟಿಪ್ಪಣಿಸುತ್ತೇನೆ. ಯೂನಿಕೋಡ್ 16.0 ಆವೃತ್ತಿಯಲ್ಲಿ, 2024ರ ಸೆಪ್ಟೆಂಬರಿನಲ್ಲಿ, ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿದ ವಿಷಯದ ಪುಟವನ್ನು ನಾನು ಮತ್ತೆ ಹುಡುಕಿ ತೆಗೆದದ್ದು ಅದರ ಆಂಗ್ಲ ಶೀರ್ಷಿಕೆಯಿಂದಲ್ಲ, ‘ತುಳು ಅಕ್ಷರ ಕಂಪ್ಯೂಟರಿಗೆ ಬಂತು’ ಎಂದು ನಾನೇ ಬರೆದ ಸಾಲಿನಿಂದ.

ಯಕ್ಷಗಾನದ ವೀಡಿಯೊಗಳ ಬಗ್ಗೆಯೂ ಒಂದು ಮಾತು. ಇಡೀ ರಾತ್ರಿಯ ಆಟದ ಚಿತ್ರೀಕರಣವನ್ನು ಹಾಗೆಯೇ ಉಳಿಸಿದರೆ, ಬೇಕಾದ ಒಡ್ಡೋಲಗ ಎಲ್ಲಿದೆಯೆಂದು ಹುಡುಕುವುದರಲ್ಲೇ ಬೆಳಗಾಗುತ್ತದೆ. ಯೂಟ್ಯೂಬಿನ ಶೇರ್ ಕಿಟಕಿಯಲ್ಲಿ ಆರಂಭದ ಸಮಯವನ್ನು ಗುರುತಿಸಿಕೊಂಡರೆ ಕೊಂಡಿಯ ಕೊನೆಗೆ ಸೆಕೆಂಡುಗಳ ಲೆಕ್ಕ ಸೇರುತ್ತದೆ, ಆ ಕೊಂಡಿಯನ್ನೇ ಉಳಿಸಬೇಕು.

ಇನ್ನು ಬಾಳಿಕೆಯ ಪ್ರಶ್ನೆ. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ಪುಟಗಳ ಪೈಕಿ ಶೇಕಡಾ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿರಲಿಲ್ಲ. ಪುಟವೇ ಅಳಿದ ಮೇಲೆ ಕೊಂಡಿ ಇದ್ದು ಪ್ರಯೋಜನವೇನು? ಒರಲೆ ಇಲ್ಲಿಯೂ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ರೈನ್‌ಡ್ರಾಪ್‌ನ ಚಂದಾದಾರರಿಗೆ ಉಳಿಸಿದ ಪುಟದ ಪ್ರತಿಯನ್ನು ಕಾಪಿಡುವ, ಪುಟದೊಳಗಿನ ಪೂರ್ಣ ಪಠ್ಯದಲ್ಲಿ ಹುಡುಕುವ, ಸತ್ತ ಕೊಂಡಿಗಳನ್ನೂ ಎರಡೆರಡು ಬಾರಿ ಉಳಿಸಿದ ಕೊಂಡಿಗಳನ್ನೂ ತೋರಿಸುವ ಸೌಲಭ್ಯಗಳಿವೆ. ಉಚಿತ ಖಾತೆಗೆ ಇವಿಲ್ಲ. ಪುಟದ ಪ್ರತಿಯಂಥ ಅಗತ್ಯವನ್ನೇ ಹಣದ ಹಿಂದೆ ಇಟ್ಟಿರುವುದು ನನಗೆ ಸ್ವಲ್ಪ ಕಿರಿಕಿರಿಯ ಸಂಗತಿ. ಆದರೆ ಜಾಹೀರಾತಿಲ್ಲದೆ ನಡೆಯಬೇಕಾದ ಸೇವೆ ಎಲ್ಲಿಯಾದರೂ ಒಂದು ಕಡೆ ದುಡಿಯಲೇಬೇಕಲ್ಲ. ಡಾಲರ್ ಲೆಕ್ಕದ ಚಂದಾ ಬೇಡವೆನ್ನುವವರು ಮುಖ್ಯವಾದ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಚಿತವಾಗಿ ಉಳಿಸಿ, ಅಲ್ಲಿಂದ ಸಿಗುವ ಕೊಂಡಿಯನ್ನು ಟಿಪ್ಪಣಿಯಲ್ಲಿ ಬರೆದಿಡಬಹುದು. ನಾನು ಮೊದಲ ಕೆಲವು ತಿಂಗಳು ಮಾಡಿದ್ದು ಹಾಗೆಯೇ.

ಪುಟಗಳಂತೆ ಸೇವೆಗಳೂ ಸಾಯುತ್ತವೆ. ಹಿಂದೆ ನಾನು ಬಳಸುತ್ತಿದ್ದ ಒಂದು ಪುಟ್ಟ ಸೇವೆ, ಹೆಸರು ಬೇಡ, ಮುಚ್ಚುವ ಸೂಚನೆಯ ಮಿಂಚಂಚೆ ಕಳುಹಿಸಿತ್ತು. ನಾನು ಅದನ್ನು ನೋಡುವಷ್ಟರಲ್ಲಿ ಗಡುವು ಮುಗಿದಿತ್ತು. ದೊಡ್ಡವರ ಕಥೆಯೂ ಬೇರೆಯಲ್ಲ. 2007ರಲ್ಲಿ ‘ರೀಡ್ ಇಟ್ ಲೇಟರ್’ ಎಂದು ಆರಂಭವಾಗಿ, ಪಾಕೆಟ್ ಎಂದು ಹೆಸರು ಬದಲಿಸಿಕೊಂಡು, 2017ರಲ್ಲಿ ಮೊಜಿಲ್ಲಾದ ಕೈಸೇರಿದ ಸೇವೆ 2025ರ ಜುಲೈ 8ರಂದು ಬಾಗಿಲು ಹಾಕಿತು. ಹೀಗಾಗಿ ಇಂಥ ಸಾಧನವನ್ನು ತೂಗುವಾಗ ಒಳಗೆ ಹೋಗುವ ಬಾಗಿಲಿಗಿಂತ ಹೊರಬರುವ ಬಾಗಿಲನ್ನೇ ನಾನು ಮೊದಲು ನೋಡುತ್ತೇನೆ. ರೈನ್‌ಡ್ರಾಪ್ ಇದರಲ್ಲಿ ಪ್ರಾಮಾಣಿಕವಾಗಿದೆ: ಕೊಂಡಿಗಳನ್ನೆಲ್ಲ ಎಚ್‌ಟಿಎಂಎಲ್ ಅಥವಾ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಬಹುದು. ಮೊದಲನೆಯದನ್ನು ಸಾಮಾನ್ಯವಾಗಿ ಎಲ್ಲ ಬ್ರೌಸರ್‌ಗಳೂ ಓದುತ್ತವೆ, ಎರಡನೆಯದನ್ನು ಎಕ್ಸೆಲ್‌ನಲ್ಲಿ ತೆರೆಯಬಹುದು.

ಇಪ್ಪತ್ತು ಮೂವತ್ತು ಕೊಂಡಿಗಳಿಗಿಂತ ಹೆಚ್ಚು ಇಡದವರಿಗೆ ಬ್ರೌಸರಿನ ಬುಕ್‌ಮಾರ್ಕೇ ಸಾಕು, ಅವರು ಹೊಸ ಖಾತೆ ತೆರೆಯುವ ಗೋಜಿಗೆ ಹೋಗಬೇಕಾಗಿಲ್ಲ. ಓದುವುದಕ್ಕಾಗಿಯೇ ಲೇಖನಗಳನ್ನು ಉಳಿಸುವವರಿಗೆ ಇನ್‌ಸ್ಟಾಪೇಪರ್ ಹೆಚ್ಚು ಹಿತವೆನಿಸಬಹುದು. ನನ್ನಂತೆ ನಾಲ್ಕಾರು ವಿಷಯಗಳಲ್ಲಿ ಕೈಯಾಡಿಸುತ್ತ, ನಾಲ್ಕು ಭಾಷೆಗಳ ಪುಟಗಳನ್ನು ಒಂದೇ ಕಡೆ ಇಡಬಯಸುವವರಿಗೆ ರೈನ್‌ಡ್ರಾಪನ್ನು ಧೈರ್ಯವಾಗಿ ಹೇಳುತ್ತೇನೆ. ಹೆಂಚಿನ ಕಲೆಕ್ಷನ್ ಒಂದನ್ನು ಸಾರ್ವಜನಿಕಗೊಳಿಸಿ ಅದರ ಕೊಂಡಿಯನ್ನು ಕಟಪಾಡಿಯ ನೆಂಟರಿಗೆ ಕಳುಹಿಸಿದ್ದೇನೆ. ಅವರು ಅದನ್ನು ಉಳಿಸಿಕೊಂಡದ್ದು ವಾಟ್ಸ್‌ಆ್ಯಪ್‌ನಲ್ಲಿ.