ನಾಟಕಕ್ಕೆ ಯಾವ ಉಡುಪು: 14ನೇ ಶತಮಾನದ್ದೋ, 16ನೇ ಶತಮಾನದ ಒಂದನೇ ಎಲಿಜಬೆತ್ ರಾಣಿ ಕಾಲದ್ದೋ?

ಹಳೇ ಇಂಗ್ಲೆಂಡಿನ ಕಥೆ ಆಡಿಸುತ್ತಿದ್ದೀರಾ? ಹಾಗಾದರೆ ಮೊದಲು ಕಾಲ ಆರಿಸಿಕೊಳ್ಳಿ. ಅಲ್ಲಿ ಬಟ್ಟೆ ನೋಡಿಯೇ ಅಂತಸ್ತು ಅಳೆಯುತ್ತಿದ್ದರು.

14ನೇ ಶತಮಾನದ್ದು ಹೊಲಿಸಲು ಸುಲಭ. 1363ರ ಕಾನೂನಿನ ಪ್ರಕಾರ 40 ಶಿಲಿಂಗ್ ಬೆಲೆಯ ಆಸ್ತಿಯೂ ಇಲ್ಲದ ಕುರಿ ಕಾಯುವವರು, ಗಾಡಿ ಹೊಡೆಯುವವರು ಒರಟು ಉಣ್ಣೆ ಬಟ್ಟೆಯನ್ನೇ ತೊಡಬೇಕಿತ್ತು. ಸಡಿಲ ಅಂಗಿ, ಮಂಕು ಬಣ್ಣ, ಸೊಂಟಕ್ಕೊಂದು ಪಟ್ಟಿ ಇದ್ದರೆ ಸಾಕು. ಸಾಹುಕಾರನಿಗೆ ಗಾಢ ಬಣ್ಣ, ತುಪ್ಪಳದ ಅಂಚು ಕೊಡಿ.

ಎಲಿಜಬೆತ್ ಕಾಲದ್ದಕ್ಕೆ ಖರ್ಚು ಜಾಸ್ತಿ, ಆದರೆ ವೇದಿಕೆ ತುಂಬುತ್ತದೆ. ಕುತ್ತಿಗೆಯ ಸುತ್ತ ನಿಲ್ಲುವ ಆ ರಫ್ ಕಾಲರ್ ನೋಡಿ. ಗಂಜಿ ಹಾಕಿ, ಕಾದ ಕಬ್ಬಿಣದ ಕಡ್ಡಿಯಿಂದ ಒಂದೊಂದೇ ನೆರಿಗೆ ತೀಡಬೇಕು. ಮಳೆ ಬಿದ್ದರೆ ಎಲ್ಲ ಜೋತುಬೀಳುತ್ತದೆ. ಅದನ್ನು ಹಾಕಿಕೊಂಡು ಮೈ ಬಗ್ಗಿಸಿ ಕೆಲಸ ಮಾಡೋಕಾಗುತ್ತಾ? ಅಂತಸ್ತು ಅಲ್ಲೇ ಕಾಣುತ್ತದೆ, ಅಲ್ವಾ? 1574ರ ಆಜ್ಞೆಯಂತೆ ನೇರಳೆ ರೇಷ್ಮೆ ರಾಜಮನೆತನಕ್ಕೆ ಮತ್ತು ಅದರ ಕೆಳಗಿನ ಕೆಲವೇ ದೊಡ್ಡ ಕುಲೀನರಿಗೆ ಮೀಸಲು. ವ್ಯಾಪಾರಿ ಪಾತ್ರಕ್ಕೆ ಸುಮ್ನೆ ಚೆಂದ ಅಂತ ಅದನ್ನು ತೊಡಿಸಬೇಡಿ.

1571ರ ಕಾನೂನು 6 ವರ್ಷ ದಾಟಿದ ಜನಸಾಮಾನ್ಯರಿಗೆ ಭಾನುವಾರ ಉಣ್ಣೆ ಟೋಪಿ ಕಡ್ಡಾಯ ಮಾಡಿತ್ತು. ಸಂತೆಯ ಗುಂಪಿಗೆ ಆ ಟೋಪಿಯೊಂದೇ ಸಾಕು.

ರೈತರೇ ಹೆಚ್ಚಿದ್ದರೆ ಮೊದಲನೆಯದು. ಆಸ್ಥಾನದ ಕಥೆಯಾದರೆ ನಾನಂತೂ ಎರಡನೆಯದನ್ನೇ ಆರಿಸುತ್ತೇನೆ.